ಮಾಡಿದ ತಪ್ಪು, ಹೊತ್ತ ಭಾರ: ನಮ್ಮನ್ನು ನಾವೇ ಕ್ಷಮಿಸಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಧಾರವಾಡದ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಮಾತಾಡಲು ಮೊದಲು ಹಳೆಯ ವಿದ್ಯಾರ್ಥಿಗಳು ಬಂದರು. ಆಮೇಲೆ ಅವರ ತಾಯಂದಿರು ಬಂದರು. ಆಮೇಲೆ ಗದಗ, ಹಾವೇರಿ ಕಡೆಯಿಂದ ಪತ್ರಗಳೂ ಬರತೊಡಗಿದವು. ನಾನು ಡಾಕ್ಟರ್ ಅಲ್ಲ. ಆಪ್ತಸಮಾಲೋಚನೆಯ ಸಣ್ಣ ತರಬೇತಿ ಪಡೆದಿದ್ದೇನೆ, ಓದುತ್ತೇನೆ, ಜಾಸ್ತಿ ಕೇಳಿಸಿಕೊಳ್ಳುತ್ತೇನೆ. ಊರು ಬೇರೆ, ತಪ್ಪು ಬೇರೆ ಆದರೂ ಪ್ರಶ್ನೆಗಳು ಮಾತ್ರ ಅವೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾರ ಗುರುತೂ ಸಿಗದಂತೆ ವಿವರ ಬದಲಿಸಿದ್ದೇನೆ.

## ಶುರುವಿನ ಪ್ರಶ್ನೆಗಳು

ನನ್ನನ್ನ ನಾನ ಕ್ಷಮಿಸ್ಕೊಳ್ಳೂದು ಅಂದ್ರ ಏನ್ರೀ? ಕ್ಷಮಿಸಬೇಕಾದವ್ರು ಬ್ಯಾರೆ ಅದಾರಲ್ಲ?

ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ನಿಮ್ಮ ಹೆಸರಿನ ಮುಂದೆ ಬಾಕಿ ಇದ್ದರೆ ಅದನ್ನು ಹೊಡೆದು ಹಾಕುವ ಹಕ್ಕು ಅಂಗಡಿಯವನದು. ನೀವೇ ಕೈ ಹಾಕಿ ಅಳಿಸುವಂತಿಲ್ಲ. ನೀವು ನೋಯಿಸಿದವರ ಕ್ಷಮೆಯೂ ಹಾಗೇ. ಅದು ಅವರದು, ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ಆದರೆ ಬಾಕಿ ಇದೆ ಅಂತ ದಿನಾ ಅಂಗಡಿ ಮುಂದೆ ನಿಂತು ತಲೆ ಚಚ್ಚಿಕೊಂಡರೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ದುಡಿದು ತೀರಿಸಬೇಕಾದ ಮೈಯೇ ಸೋತು ಹೋಗುತ್ತದೆ. ‘ಹೌದು, ಇದು ನನ್ನ ಕೈಯಿಂದಲೇ ಆಯಿತು’ ಅಂತ ಒಪ್ಪಿಕೊಳ್ಳುವುದು, ಕೈಲಾದಷ್ಟು ತೀರಿಸುವುದು, ಆ ತಲೆ ಚಚ್ಚಿಕೊಳ್ಳುವುದನ್ನು ನಿಲ್ಲಿಸುವುದು. ನಮ್ಮನ್ನು ನಾವು ಕ್ಷಮಿಸಿಕೊಳ್ಳುವುದು ಅಂತ ನಾನು ಹೇಳುವುದು ಈ ಮೂರೂ ಸೇರಿದ್ದಕ್ಕೆ. ಮೊದಲಿನ ಎರಡನ್ನು ಬಿಟ್ಟು ಮೂರನೆಯದನ್ನಷ್ಟೇ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ: ಜಾರಿಕೊಳ್ಳುವುದು.

ಹಂಗಾದ್ರ ತಪ್ಪು ಮಾಡಿದವ್ರಿಗೆ ಭಾಳ ಸೋವಿ ಆತಲ್ರಿ?

ಸೋವಿ ದಾರಿ ಬೇರೆ ಇದೆ. ‘ಎಲ್ಲಾರೂ ಮಾಡ್ತಾರ ಬಿಡ್ರಿ’ ಅನ್ನುವುದು ಸೋವಿ. ‘ನಾನು ಇರೋದ ಹಂಗ’ ಅನ್ನುವುದೂ ಸೋವಿ. ನನಗೇ ಆಶ್ಚರ್ಯ ಆದದ್ದು, ದಿನವಿಡೀ ತನ್ನನ್ನು ಬೈದುಕೊಳ್ಳುವುದೂ ಒಂದು ರೀತಿಯಲ್ಲಿ ಸೋವಿಯೇ. ಬೈದುಕೊಂಡ ಮೇಲೆ ಏನೋ ಮಾಡಿದಂತೆ ಅನಿಸುತ್ತದೆ, ಆದರೆ ನೊಂದವರ ಮನೆ ಬಾಗಿಲಿಗೆ ಹೋಗಿರುವುದಿಲ್ಲ.

ಕ್ಷಮಿಸಿಕೊಂಡರೆ ಮತ್ತೆ ಅದೇ ತಪ್ಪು ಮಾಡುತ್ತಾರೆ ಅನ್ನುವ ಭಯ ತುಂಬಾ ಜನರಿಗಿದೆ. 2010ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ವೋಲ್ ಮತ್ತು ಜೊತೆಗಾರರು 119 ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿ, ಆಮೇಲೆ ಆ ತಪ್ಪಿಗಾಗಿ ತಮ್ಮನ್ನು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಅಷ್ಟು ಮುಂದೂಡಲಿಲ್ಲ. ನನ್ನ ಕ್ಲಾಸಿನಲ್ಲಿ ಇದನ್ನು ನಾನೂ ಕಂಡಿದ್ದೇನೆ. ಗಣಿತದಲ್ಲಿ ಫೇಲಾದ ಹುಡುಗಿ ತನ್ನನ್ನು ದಡ್ಡಿ ಅಂದುಕೊಂಡಷ್ಟೂ ಪುಸ್ತಕ ತೆರೆಯಲು ಹೆದರುತ್ತಾಳೆ. ಪುಸ್ತಕ ನೋಡಿದರೇ ಬೈಗುಳ ನೆನಪಾಗುತ್ತದಲ್ಲ, ಯಾರು ತೆರೆಯುತ್ತಾರೆ?

ತಪ್ಪು ಮಾಡೀನಿ ಅನ್ನೂದು ಮನಸಿನ್ಯಾಗ ಇರಬೇಕಲ್ರಿ? ಅದೂ ಹೋದ್ರ ಮನಷ್ಯಾರು ಹೆಂಗ?

ಇರಲೇಬೇಕು. ಆದರೆ ಎರಡು ಮಾತಿಗೆ ಕಿವಿಗೊಡಿ. ‘ನಾನು ಕೆಟ್ಟ ಕೆಲಸ ಮಾಡಿದೆ’ ಒಂದು. ‘ನಾನೇ ಕೆಟ್ಟವ’ ಇನ್ನೊಂದು. ಮೊದಲನೆಯದು ಪಶ್ಚಾತ್ತಾಪ. ಎರಡನೆಯದು ನಮ್ಮ ಕಡೆ ‘ಮಾರಿ ಹೆಂಗ ತೋರಸ್ಲಿ’ ಅನ್ನುತ್ತಾರಲ್ಲ, ಆ ನಾಚಿಕೆ. ಜೂನ್ ಟ್ಯಾಂಗ್ನಿ ಎಂಬ ಮನಶ್ಶಾಸ್ತ್ರಜ್ಞೆ ಇವೆರಡರ ವ್ಯತ್ಯಾಸವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಪಶ್ಚಾತ್ತಾಪ ಪಡುವವರು ಸರಿಪಡಿಸಲು ಹೊರಡುತ್ತಾರೆ. ನಾಚಿಕೆಯಲ್ಲಿ ಮುಳುಗಿದವರು ಅಡಗಿಕೊಳ್ಳುತ್ತಾರೆ, ಇಲ್ಲವೇ ಎದುರಿನವರ ಮೇಲೇ ಸಿಟ್ಟಾಗುತ್ತಾರೆ.

ಕುಡಿದು ಬಂದು ರಾತ್ರಿ ಹೆಂಡತಿಗೆ ಬೈದವನು ಬೆಳಿಗ್ಗೆ ಮುಖ ತಿರುಗಿಸಿ ಮತ್ತೆ ಕುಡಿಯಲು ಹೋಗುತ್ತಾನೆ. ಅವನಿಗೆ ತಪ್ಪಿನ ಅರಿವಿಲ್ಲ ಅಂತಲ್ಲ. ನಾಚಿಕೆ ಜಾಸ್ತಿಯಾಗಿ, ಅದನ್ನು ತಡೆಯಲಾಗದೆ ಹೋಗುತ್ತಾನೆ.

ಹಗಲೆಲ್ಲಾ ಆರಾಮ ಇರ್ತೀನಿ. ರಾತ್ರಿ ಹಾಸಿಗಿಗೆ ಬಿದ್ದ ಕೂಡ್ಲೆ ಹಳೇದೆಲ್ಲಾ ಬರ್ತದ. ಯಾಕ?

ಹಗಲು ಕೈಗೆ ಕೆಲಸ ಇರುತ್ತದೆ. ರಾತ್ರಿ ಮನಸ್ಸಿಗೆ ಬೇರೆ ಕೆಲಸ ಇಲ್ಲ, ಬಗೆಹರಿಯದ್ದನ್ನು ತೆಗೆದು ಮೆಲುಕು ಹಾಕುತ್ತದೆ. ದನ ಮೆಲುಕು ಹಾಕಿದರೆ ಮೇವು ಜೀರ್ಣ ಆಗುತ್ತದೆ. ಮನಸ್ಸಿನ ಮೆಲುಕಿನಲ್ಲಿ ಏನೂ ಅರಗುವುದಿಲ್ಲ, ಅದೇ ತುತ್ತು ಮತ್ತೆ ಬಾಯಿಗೆ ಬರುತ್ತದೆ.

ಬರೆಯಿರಿ. ಜೇಮ್ಸ್ ಪೆನ್‌ಬೇಕರ್ ಎಂಬುವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರ ಆಯಿತು. ಮುಂದಿನ ತಿಂಗಳುಗಳಲ್ಲಿ, ಏನು ನಡೆಯಿತು ಮತ್ತು ಏನನಿಸಿತು ಎರಡನ್ನೂ ಬರೆದವರು ದವಾಖಾನೆಗೆ ಹೋಗಿದ್ದು ಕಡಿಮೆ. ಸಂಜೆಯ ಚಹಾ ಆದ ಮೇಲೆ ಬರೆಯಿರಿ, ಮಲಗುವ ಮುಂಚೆ ಬೇಡ. ಅಕ್ಷರ, ಕಾಗುಣಿತ ನೋಡಬೇಡಿ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ. ಬರೆಯುತ್ತಾ ಎದೆ ತಡೆಯಲಾರದಷ್ಟು ಹೊಡೆದುಕೊಂಡರೆ ಅಲ್ಲಿಗೇ ನಿಲ್ಲಿಸಿ.

## ಮನೆ, ದುಡ್ಡು, ಹೋದವರು

ಅವತ್ತ ಸಂಜೀಕ ಹುಬ್ಬಳ್ಳಿಗೆ ಕರ್ಕೊಂಡು ಬಂದಿದ್ರ ನಮ್ಮಪ್ಪ ಉಳೀತಿದ್ದ. ನಾನ ಕೊಂದಂಗ ಆತಲ್ರಿ?

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಊರು ಮಾತ್ರ ಬದಲಾಗುತ್ತದೆ. ಹಾನಗಲ್ ಕಡೆಯ ಒಬ್ಬ ರೈತ ಹೇಳಿದ್ದನ್ನು ಬರೆಯುತ್ತೇನೆ. ಅಪ್ಪ ಹೊಲದಿಂದ ಬಂದು ಎದೆ ಉರಿ ಅಂದರು. ಮಧ್ಯಾಹ್ನ ಮಿರ್ಚಿ ತಿಂದಿದ್ದರು. ಮಗ ಪಿತ್ತ ಅಂದುಕೊಂಡು ಸೋಡಾ ಕುಡಿಸಿ ಮಲಗಿಸಿದ. ಬೆಳಗಿನ ಜಾವ ಅಪ್ಪ ಇರಲಿಲ್ಲ. ಆರು ವರ್ಷದಿಂದ ಅವನು ಆ ಸೋಡಾ ಬಾಟಲಿಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಬದುಕಿದ್ದಾನೆ.

ಇಲ್ಲಿ ನಮ್ಮ ನೆನಪು ಒಂದು ಮೋಸ ಮಾಡುತ್ತದೆ. 1975ರಲ್ಲಿ ಬರೂಕ್ ಫಿಶ್‌ಹಾಫ್ ಎಂಬ ಸಂಶೋಧಕ ಕೆಲವರಿಗೆ 1814ರ ಬ್ರಿಟಿಷರ ಮತ್ತು ಗೂರ್ಖಾಗಳ ಯುದ್ಧದ ವಿವರ ಓದಿಸಿದ. ಒಂದೊಂದು ಗುಂಪಿಗೆ ಒಂದೊಂದು ಬೇರೆ ಫಲಿತಾಂಶ ಹೇಳಿದ. ಪ್ರತಿ ಗುಂಪಿಗೂ ತಮಗೆ ಹೇಳಿದ ಫಲಿತಾಂಶವೇ ಆಗುವಂತಿತ್ತು ಅನಿಸಿತು. ಕಥೆಯ ಕೊನೆ ಒಮ್ಮೆ ಗೊತ್ತಾದ ಮೇಲೆ, ಗೊತ್ತಿಲ್ಲದಿದ್ದಾಗ ಹೇಗಿತ್ತು ಅನ್ನುವುದು ನಮಗೆ ನೆನಪಾಗುವುದೇ ಇಲ್ಲ.

ಅವನಿಗೆ ಒಂದು ಹಾಳೆ ಕೊಟ್ಟೆ. ‘ಆ ಸಂಜೆ ಏಳು ಗಂಟೆಗೆ ನಿನಗೆ ಏನು ಗೊತ್ತಿತ್ತು, ಅಷ್ಟೇ ಬರಿ’ ಅಂದೆ. ಅವನು ಬರೆದ: ಮಿರ್ಚಿ ತಿಂದಿದ್ದ. ಮೊದಲೂ ಎರಡು ಸಲ ಹಿಂಗ ಆಗಿತ್ತು, ಸೋಡಾ ಕುಡಿದು ಕಡಿಮಿ ಆಗಿತ್ತು. ದವಾಖಾನಿ ಬ್ಯಾಡ ಅಂತ ತಾನ ಅಂದ. ಕೊನೆಯ ಸಾಲು ಬರೆದು ಪೆನ್ನು ಕೆಳಗಿಟ್ಟ. ಅಪ್ಪ ಬೇಡ ಅಂದದ್ದು ಅವನಿಗೆ ಆರು ವರ್ಷ ನೆನಪೇ ಆಗಿರಲಿಲ್ಲ.

ಹೃದಯದ ನೋವು ಎಷ್ಟೋ ಸಲ ಗ್ಯಾಸಿನ ಹಾಗೇ ಇರುತ್ತದೆ. ಎದೆಯಲ್ಲಿ ಒತ್ತಿದಂತೆ ಆಗುವುದು, ನೋವು ಎಡಗೈಗೆ ಅಥವಾ ದವಡೆಗೆ ಹೋಗುವುದು, ತಣ್ಣನೆ ಬೆವರು, ಉಸಿರು ಸಾಲದಿರುವುದು, ಇವು ಕಂಡರೆ 108ಕ್ಕೆ ಫೋನ್ ಮಾಡಬೇಕು. ಅವನು ಇದನ್ನು ಈಗ ತನ್ನ ಊರಿನವರಿಗೆ ಹೇಳುತ್ತಾನೆ. ನಾನು ಅವನಿಗೆ ‘ನಿನ್ನದೇನೂ ತಪ್ಪಿಲ್ಲ’ ಅಂತ ಹೇಳಲಿಲ್ಲ. ಹಾಗೆ ಹೇಳಿದವರ ಮಾತನ್ನು ಅವನು ಆರು ವರ್ಷ ನಂಬಿರಲಿಲ್ಲ. ಅವನಿಗೆ ಬೇಕಿದ್ದದ್ದು ಆ ಸಂಜೆಯ ಪೂರ್ತಿ ಲೆಕ್ಕ.

ನಾಕು ವರ್ಷ ಧಾರವಾಡದ ಸಪ್ತಾಪುರದಾಗ ರೂಮ್ ಮಾಡಿ ಪರೀಕ್ಷಾಕ್ಕ ಓದಿದೆ. ನೌಕರಿ ಆಗಲಿಲ್ಲ. ಅಪ್ಪ ಎರಡೆಕರೆ ಹೊಲ ಮಾರಿದ್ದ. ಮನಿಗೆ ಹೋಗಾಕ ಮನಸ್ಸಾಗೂದಿಲ್ಲ.

ತಮ್ಮಾ, ಇದು ತಪ್ಪೋ ಸೋಲೋ, ಮೊದಲು ಅದನ್ನು ಬೇರೆ ಮಾಡು. ನೂರು ಹುದ್ದೆಗೆ ಸಾವಿರಾರು ಜನ ಬರೆಯುವಾಗ ಬಹಳ ಜನರಿಗೆ ಸಿಗುವುದಿಲ್ಲ. ಓದಿಯೂ ಸಿಗದಿದ್ದರೆ ಅದು ಸೋಲು. ಸೋಲಿಗೆ ಕ್ಷಮೆಯ ಮಾತೇ ಬರುವುದಿಲ್ಲ, ಅದಕ್ಕೆ ಬೇಕಾದದ್ದು ದುಃಖಪಡಲು ಸ್ವಲ್ಪ ಜಾಗ. ಓದುತ್ತೇನೆ ಅಂತ ಅಪ್ಪನ ದುಡ್ಡು ತರಿಸಿಕೊಂಡು ಒಂದು ವರ್ಷ ಸುಮ್ನೆ ತಿರುಗಿದ್ದರೆ ಆ ಒಂದು ವರ್ಷ ತಪ್ಪು. ಅಪ್ಪನಿಗೆ ಹೇಳಬೇಕಾದದ್ದು ಅದೊಂದನ್ನೇ. ನಾಲ್ಕನ್ನೂ ತಲೆ ಮೇಲೆ ಹಾಕಿಕೊಳ್ಳಬೇಡ. ಮತ್ತೆ, ಹಬ್ಬ ಬರಲಿ ಅಂತ ಕಾಯಬೇಡ. ಹಬ್ಬದ ದಿನ ಮನೆ ತುಂಬಾ ಜನ ಇರುತ್ತಾರೆ, ಅಪ್ಪನ ಜೊತೆ ಮಾತಾಡಲು ಆಗುವುದಿಲ್ಲ.

ಮೊಬೈಲ್ ಆಟದಾಗ ರೊಕ್ಕ ಕಳಕೊಂಡೆ. ಹೆಂಡ್ತಿ ಬಂಗಾರ ಅಡವಿಟ್ಟೆ. ಆಕಿಗೆ ಅರ್ಧಾನ ಗೊತ್ತದ. ಉಳಿದಿದ್ದು ಹೇಳ್ಲ್ಯೋ ಬ್ಯಾಡೋ?

ಹೇಳಿ. ಪೂರ್ತಿ ಅಂಕಿ ಹೇಳಿ, ಒಂದೇ ಸಲ. ಅರ್ಧ ಅರ್ಧ ಹೇಳಿದರೆ ಪ್ರತಿ ಸಲವೂ ಹೊಸ ಮೋಸ ಆಗುತ್ತದೆ, ಆಕೆ ಹಳೆಯದನ್ನೂ ಸೇರಿಸಿ ಮತ್ತೆ ಅಳುತ್ತಾಳೆ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಬಂಗಾರ ಎಲ್ಲಿ ಇಟ್ಟಿದ್ದೀರಿ, ಬಿಡಿಸುವ ದಿನ ಯಾವಾಗ, ಎಲ್ಲಾ ಹಾಳೆಯ ಮೇಲೆ ಬರೆದು ಆಕೆಯ ಕೈಗೆ ಕೊಡಿ. ಬ್ಯಾಂಕಿನ ಲೆಕ್ಕ ನೋಡುವ ಹಕ್ಕನ್ನೂ ಕೊಡಿ. ಆಟ ಬಿಡಲು ಆಗುತ್ತಲೇ ಇಲ್ಲ ಅಂದರೆ ಅದು ಚಟ, ಅದಕ್ಕೆ ಚಿಕಿತ್ಸೆ ಇದೆ. ನಿಮ್ಮನ್ನು ಕ್ಷಮಿಸಿಕೊಳ್ಳುವ ವಿಚಾರವನ್ನು ಅಲ್ಲಿವರೆಗೆ ಪಕ್ಕಕ್ಕಿಡಿ.

ಮಗನ್ನ ಹೊಡದು ಬಡದು ಬೆಳಸಿದೆ. ಈಗ ಬೆಂಗಳೂರಾಗ ಅದಾನ, ಫೋನ್ ಸೈತ ಮಾಡೂದಿಲ್ಲ. ನಮ್ಮ ಕಾಲದಾಗ ಎಲ್ಲಾರೂ ಹಂಗ ಮಾಡ್ತಿದ್ರು.

ಮಾಡುತ್ತಿದ್ದರು, ನಿಜ. ನಾನೂ ಕೈಯಲ್ಲಿ ಬೆತ್ತ ಹಿಡಿದವಳೇ. ಆದರೆ ಯವ್ವಾ, ಆ ಮಾತು ನಿಮಗೆ ಸಮಾಧಾನ ಕೊಡಬಹುದು, ಮಗನಿಗೆ ಕೊಡುವುದಿಲ್ಲ. ಪೆಟ್ಟು ಬಿದ್ದದ್ದು ಕಾಲದ ಕೈಯಿಂದಲ್ಲ, ಅವ್ವನ ಕೈಯಿಂದ.

ಫೋನಿನಲ್ಲಿ ‘ನಾ ಹಿಂಗ ಮಾಡಬಾರದಿತ್ತು’ ಅಂತ ಒಂದೇ ಮಾತು ಹೇಳಿ. ಉತ್ತರಕ್ಕೆ ಕಾಯಬೇಡಿ. ‘ನಿನಗಾಗಿ ಎಷ್ಟು ಕಷ್ಟಪಟ್ಟೆ’ ಅಂತ ಅದರ ಹಿಂದೆ ಸೇರಿಸಬೇಡಿ. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಆರಾಮ ಇದ್ದೀಯಾ ಅಂತ ಕೇಳುತ್ತಿರಿ. ಒಬ್ಬ ತಾಯಿಗೆ ಎರಡು ವರ್ಷ ಬೇಕಾಯಿತು. ಮಗ ಬಂದ ದಿನ ಆಕೆ ಏನೂ ಕೇಳಲಿಲ್ಲ, ರೊಟ್ಟಿ ಬಡಿಯುತ್ತಾ ಕೂತಿದ್ದಳು. ಅವನು ಪಕ್ಕದಲ್ಲಿ ಕೂತು ತಿಂದ.

## ಸರಿಪಡಿಸುವ ಕೆಲಸ

ಕ್ಷಮಾ ಕೇಳಬೇಕು ಅನಸ್ತದ, ಬಾಯಿ ಬರೂದಿಲ್ಲ. ಹೆಂಗ ಕೇಳ್ಲಿ?

ಇದಕ್ಕೆ ನನ್ನದೇ ತಪ್ಪನ್ನು ಹೇಳಬೇಕು.

ಎಂಟನೇ ಕ್ಲಾಸಿನ ಟ್ರಿಪ್ಪಿಗೆ ಅಂತ ಕೂಡಿಸಿದ್ದ ದುಡ್ಡು ಒಂದು ದಿನ ಕಾಣಲಿಲ್ಲ. ಆ ದಿನ ಟೇಬಲ್ ಹತ್ತಿರ ಒಬ್ಬ ಹುಡುಗ ಸುಳಿದಾಡಿದ್ದ. ಅವನ ಅಪ್ಪ ಹಮಾಲ. ಬಡವರ ಮಗ ಅನ್ನುವ ಒಂದೇ ಕಾರಣಕ್ಕೆ ನನ್ನ ಸಂಶಯ ಅವನ ಕಡೆ ಹೋಯಿತು. ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. ಎಲ್ಲರ ಮುಂದೆ ಅವನ ಚೀಲ ಸುರಿಸಿದೆ. ಎರಡು ನೋಟ್‌ಬುಕ್, ಬುತ್ತಿ ಡಬ್ಬಿ, ಅರ್ಧ ತಿಂದ ಪೇರಲ ಹಣ್ಣು. ಸಂಜೆ ಅವನ ಅವ್ವನನ್ನೂ ಕರೆಸಿದೆ. ನಾಲ್ಕು ದಿನದ ಮೇಲೆ ದುಡ್ಡು ಹಾಜರಿ ಪುಸ್ತಕದ ರಟ್ಟಿನೊಳಗೆ ಸಿಕ್ಕಿತು. ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಹುಡುಗನಿಗೆ ಹೇಳಲಿಲ್ಲ. ಮುಂದಿನ ವರ್ಷ ಅವನು ಶಾಲೆ ಬಿಟ್ಟ.

ಹನ್ನೊಂದು ವರ್ಷ ಆದ ಮೇಲೆ ಹಳೇ ಹುಬ್ಬಳ್ಳಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಅವನನ್ನು ಕಂಡೆ. ಮೊದಲ ಸಲ ಹೋದಾಗ ‘ಅವತ್ತು ಗದ್ದಲ ಭಾಳ ಇತ್ತು, ಎಲ್ಲರೂ ನಿನ್ನ ಹೆಸರೇ ಹೇಳಿದರು’ ಅಂತ ಶುರು ಮಾಡಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ ಇದ್ದ, ತಲೆ ಎತ್ತಲಿಲ್ಲ. ನಾನು ಕೇಳಲು ಹೋದದ್ದು ಕ್ಷಮೆ, ಹೇಳಿದ್ದು ಸಬೂಬು. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ‘ದುಡ್ಡು ನನ್ನ ಪುಸ್ತಕದಲ್ಲೇ ಇತ್ತು. ನೀನು ತೆಗೆದುಕೊಂಡಿರಲಿಲ್ಲ. ಗೊತ್ತಾದ ಮೇಲೂ ನಾನು ಹೇಳಲಿಲ್ಲ. ತಪ್ಪು ನನ್ನದು’ ಅಂದೆ. ನಾನೇನು ಮಾಡಲಿ ಅಂತ ಕೇಳಿದೆ.

ಅವನು ಹೇಳಿದ್ದು: ‘ಅಕ್ಕಾರ, ನಮ್ಮವ್ವಗ ಹೇಳ್ರಿ. ಆಕಿ ಇನ್ನೂ ನಾನ ತಗೊಂಡೀನಿ ಅಂತ ತಿಳ್ಕೊಂಡಾಳ.’

ನಾನು ಅವನ ಮಗಳ ಶಾಲೆ ಫೀ ಕಟ್ಟಬೇಕು ಅಂತ ಮನಸ್ಸಿನಲ್ಲೇ ಯೋಚನೆ ಮಾಡಿಕೊಂಡು ಹೋಗಿದ್ದೆ. ಅವನಿಗೆ ಬೇಕಾದದ್ದು ಅದಲ್ಲವೇ ಅಲ್ಲ. ಆ ಅವ್ವನ ಮುಂದೆ ಕೂತು ಹೇಳಿದ ದಿನ ನನ್ನ ಬದುಕಿನ ಕಷ್ಟದ ದಿನಗಳಲ್ಲಿ ಒಂದು. ಹಾಗಾಗಿ ನಾನು ಎಲ್ಲರಿಗೂ ಹೇಳುವುದು: ಮಾಡಿದ್ದನ್ನು ಹೆಸರಿಟ್ಟು ಹೇಳಿ, ‘ಆದರೆ’ ಅನ್ನಬೇಡಿ, ಏನು ಮಾಡಿದರೆ ಅವರಿಗೆ ಅನುಕೂಲ ಅಂತ ಅವರನ್ನೇ ಕೇಳಿ.

ದಸರಾಕ್ಕ ಬನ್ನಿ ಕೊಟ್ಟು ಬಂದ್ರ ಕ್ಷಮಾ ಕೇಳಿದಂಗ ಆಗೂದಿಲ್ಲೇನ್ರಿ?

ಸಣ್ಣ ಮುನಿಸಿಗೆ ಆಗುತ್ತದೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತ ಹಿರಿಯರ ಕಾಲಿಗೆ ಬಿದ್ದು, ಮಾತು ಬಿಟ್ಟವರ ಮನೆಗೂ ಹೋಗುವ ಈ ಪದ್ಧತಿ ನನಗೆ ತುಂಬಾ ಪ್ರೀತಿ. ಬಾಗಿಲು ತೆರೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಆದರೆ ತಮ್ಮನ ಪಾಲಿನ ಹೊಲ ನಿಮ್ಮ ಹೆಸರಿಗೆ ಮಾಡಿಸಿಕೊಂಡು ಬನ್ನಿ ಎಲೆ ಕೊಟ್ಟರೆ ಆಗುವುದಿಲ್ಲ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ತಿದ್ದಿಸಬೇಕು.

ಕಾಲಿಗೆ ಬಿದ್ರೂ ಆಕಿ ಕ್ಷಮಿಸಲಿಲ್ಲ. ಈಗೇನ್ ಮಾಡ್ಲಿ?

ಕ್ಷಮಿಸದಿರುವುದು ಆಕೆಯ ಹಕ್ಕು. ಮತ್ತೆ ಮತ್ತೆ ಹೋದರೆ ಅದು ಕ್ಷಮೆ ಕೇಳುವುದಲ್ಲ, ಕಾಡುವುದು. ಹಿರಿಯರನ್ನು ಕರೆದುಕೊಂಡು ಹೋಗಿ ಒತ್ತಡ ಹಾಕುವುದಂತೂ ಬೇಡವೇ ಬೇಡ. ನೀವು ಕಂಡರೇ ಆಕೆಗೆ ಭಯ ಆಗುವಂಥ ತಪ್ಪಾಗಿದ್ದರೆ ಮೊದಲನೇ ಸಲವೂ ಹೋಗಬೇಡಿ. ಆಕೆಗೆ ಕೊಡಬೇಕಾದ ದುಡ್ಡು, ಕಾಗದ, ಸಾಮಾನು ಇದ್ದರೆ ಇನ್ನೊಬ್ಬರ ಮೂಲಕ ತಲುಪಿಸಿ.

ನಿಮ್ಮ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಆಕೆಯ ಬಗ್ಗೆ ಊರಲ್ಲಿ ಯಾರಾದರೂ ಕೆಟ್ಟದಾಗಿ ಮಾತಾಡಿದರೆ ‘ತಪ್ಪು ನನ್ನದಿತ್ತು’ ಅಂತ ಹೇಳಿ. ಆಕೆಗೆ ಗೊತ್ತಾಗದಿದ್ದರೂ ಹೇಳಿ.

ನಾ ನೋಯಿಸಿದವ್ರು ತೀರ್ಕೊಂಡಾರ. ಯಾರನ್ನ ಕೇಳ್ಲಿ?

ಪತ್ರ ಬರೆಯಿರಿ, ಅವರ ಹೆಸರು ಹಾಕಿ. ಬರೆದು ಜೋರಾಗಿ ಓದಿ. ಗದಗಿನ ಒಬ್ಬ ಅಜ್ಜಿ ಅತ್ತೆಗೆ ಊಟ ಹಾಕದೆ ಕಾಡಿಸಿದ್ದಳಂತೆ. ಮೊಮ್ಮಗಳ ಕೈಲಿ ಪತ್ರ ಬರೆಸಿ ಅತ್ತೆಯ ಗದ್ದುಗೆ ಮುಂದೆ ಓದಿಸಿದಳು. ಆಮೇಲಿಂದ ಓಣಿಯಲ್ಲಿ ಒಬ್ಬರೇ ಇರುವ ಮುದುಕಿಗೆ ದಿನಾ ಮಧ್ಯಾಹ್ನ ರೊಟ್ಟಿ ಪಲ್ಯ ಕಳಿಸುತ್ತಾಳೆ. ಇದರಿಂದ ಅತ್ತೆಯ ಹಸಿವು ತೀರಲಿಲ್ಲ ಅಂತ ಅವಳಿಗೂ ಗೊತ್ತು. ಅವಳು ಕಳಿಸುವುದನ್ನು ಬಿಟ್ಟಿಲ್ಲ.

ಸಿದ್ಧಾರೂಢರ ಮಠಕ್ಕ ಹೋಗಿ ಅತ್ತು ಬಂದೆ. ಎಷ್ಟೋ ಹಗರ ಆತು. ಇದು ಸಾಕಲ್ರಿ?

ಹಗುರ ಆದದ್ದು ನಿಜವಾದ ಹಗುರವೇ. ಅದನ್ನು ಕಡಿಮೆ ಅನ್ನಬೇಡಿ. ಮಠವಿರಲಿ, ದರ್ಗಾ ಇರಲಿ, ಚರ್ಚ್ ಇರಲಿ, ಯಾರೂ ಕೇಳದ ಮಾತನ್ನು ಇಳಿಸಿ ಬರುವ ಜಾಗ ಮನುಷ್ಯರಿಗೆ ಬೇಕು. ಆ ಹಗುರಾದ ಮೈಯಲ್ಲೇ ಮಾಡಬೇಕಾದ ಕೆಲಸ ಉಳಿದಿದ್ದರೆ ಮಾಡಿ. ಉಳಿದಿಲ್ಲ ಅಂದರೆ, ಹೌದು, ಸಾಕು.

## ಕಷ್ಟದ ಪ್ರಶ್ನೆಗಳು

ಎಲ್ಲಾ ಮಾಡಿದ್ರೂ ಬಿಡವಲ್ದು. ಊಟ ಸೇರೂದಿಲ್ಲ, ನಿದ್ದಿ ಇಲ್ಲ. ಬದುಕೂದ ಬ್ಯಾಡ ಅನಸ್ತದ.

ಇದು ಕ್ಷಮೆಯ ಪ್ರಶ್ನೆ ಅಲ್ಲ, ದವಾಖಾನೆಯ ಪ್ರಶ್ನೆ. ದಯವಿಟ್ಟು ಇವತ್ತೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಇದನ್ನು ಓದುತ್ತಿದ್ದರೆ: ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಮನೆಯಲ್ಲಿ ಇಡಬೇಡಿ, ಅವರನ್ನು ಒಬ್ಬರೇ ಬಿಡಬೇಡಿ.

ಅತಿಯಾದ ತಪ್ಪಿನ ಭಾವನೆಯೇ ಖಿನ್ನತೆ ಕಾಯಿಲೆಯ ಒಂದು ಲಕ್ಷಣ. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ ಊಟ ಕೆಟ್ಟು, ಸಣ್ಣದಕ್ಕೂ ‘ನನ್ನಿಂದಲೇ ಆಯಿತು’ ಅನಿಸಿದರೆ ಡಾಕ್ಟರನ್ನು ಕಾಣಬೇಕು. ಕೆಲವರಿಗೆ ಮಾಡದ ತಪ್ಪೂ ಮಾಡಿದಂತೆ ಅನಿಸಿ, ದಿನಕ್ಕೆ ಹತ್ತು ಸಲ ಕ್ಷಮೆ ಕೇಳುತ್ತಾರೆ. ಅದು ಗೀಳು ಕಾಯಿಲೆ ಇರಬಹುದು, ಅದಕ್ಕೂ ಔಷಧಿ ಇದೆ. ಇಂಥವರಿಗೆ ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವುದು ಮುರಿದ ಕಾಲಿನವನಿಗೆ ಓಡು ಅಂದ ಹಾಗೆ.

ನಮ್ಮಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತ ಅಣಕಿಸುವ ಕೆಟ್ಟ ಮಾತೊಂದಿದೆ. ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಶುರುವಾದ ಇಲ್ಲಿನ ಮನೋರೋಗ ದವಾಖಾನೆಯ ಮೇಲಿನ ಮಾತು ಅದು. ಆ ದವಾಖಾನೆ ಇವತ್ತು ಡಿಮ್ಹಾನ್ಸ್. ಮನಸ್ಸಿನ ಕಾಯಿಲೆಗೆ ಸುತ್ತಲಿನ ಜಿಲ್ಲೆಗಳ ಜನ ಬರುವುದು ಅಲ್ಲಿಗೇ. ಅಲ್ಲಿ ಪಾಳಿ ಹಚ್ಚಿ ನಿಂತವರಲ್ಲಿ ಮಾಸ್ತರರು, ರೈತರು, ಕಾಲೇಜು ಹುಡುಗಿಯರು ಇರುತ್ತಾರೆ. ಹುಬ್ಬಳ್ಳಿಯ ಕಿಮ್ಸ್ ದವಾಖಾನೆಯಲ್ಲೂ (ಈಗಿನ ಹೆಸರು ಕೆಎಂಸಿಆರ್‌ಐ) ಮನೋರೋಗ ವಿಭಾಗ ಇದೆ. ಜೀವ ಕಳೆದುಕೊಳ್ಳಲು ಹೋಗಿ ಉಳಿದವರು ಪೊಲೀಸ್ ಕೇಸಿಗೆ ಹೆದರಿ ದವಾಖಾನೆಗೆ ಹೋಗದಿರುವುದನ್ನು ಕಂಡಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ. ಹೆದರಬೇಡಿ.

ನಾ ಮಾಡಿದ್ದು ಬರೇ ತಪ್ಪಲ್ಲ, ಕಾನೂನಿನ ಪ್ರಕಾರ ಅಪರಾಧ. ಒಪ್ಪಿಕೊಂಡ್ರ ಜೈಲು.

ಮೊದಲು ವಕೀಲರನ್ನು ಕಾಣಿ. ಜಿಲ್ಲಾ ನ್ಯಾಯಾಲಯದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಮನಸ್ಸಿನ ಲೆಕ್ಕ, ಕೋರ್ಟಿನ ಲೆಕ್ಕ ಎರಡೂ ಬೇರೆ. ಒಂದನ್ನು ತೀರಿಸಿದರೆ ಇನ್ನೊಂದು ತಾನಾಗಿ ತೀರುವುದಿಲ್ಲ. ಆದರೆ ನಿಮ್ಮ ಬದಲು ಬೇರೆ ಯಾರೋ ಆರೋಪ ಹೊತ್ತು ನಿಂತಿದ್ದರೆ, ನನ್ನ ಅಭಿಪ್ರಾಯದಲ್ಲಿ, ಒಪ್ಪಿಕೊಳ್ಳುವುದು ಬಿಟ್ಟು ನಿಮಗೆ ನಿದ್ದೆ ಬರುವ ಬೇರೆ ದಾರಿ ಇಲ್ಲ.

ನಾ ಬಿಟ್ರೂ ಊರು ಬಿಡವಲ್ದು. ಇಪ್ಪತ್ತು ವರ್ಷದ ಹಿಂದ ಓಡಿ ಹೋಗಿದ್ದೆ ಅಂತ ಈಗ್ಲೂ ಮದಿವ್ಯಾಗ ಆಡಕೋತಾರ. ಹೆಂಗ ಇರ್ಲಿ?

ಊರಿಗೆ ಹಳೆಯ ಸುದ್ದಿಯೇ ರುಚಿ. ಅವರು ಮಾತಾಡುವುದು ಇಪ್ಪತ್ತು ವರ್ಷದ ಹಿಂದಿನ ಹುಡುಗಿಯ ಬಗ್ಗೆ. ನೀವು ನೋಯಿಸಿದ್ದು ಅಪ್ಪ ಅವ್ವನನ್ನು, ಅವರ ಹತ್ತಿರ ಮಾತಾಡಿ ಮುಗಿಸಿದ್ದೀರಿ. ಊರಿಗೆ ನೀವು ಏನೂ ಬಾಕಿ ಇಲ್ಲ. ಕೆಣಕಿದವರಿಗೆ ‘ಹೌದ್ರಿ, ಹೋಗಿದ್ದೆ’ ಅಂತ ತಣ್ಣಗೆ ಹೇಳಿ. ಮುಚ್ಚಿಟ್ಟರೆ ತಾನೆ ಎಳೆಯಲು ಸೆರಗು ಸಿಗುವುದು.

ಮತ್ತೆ ಅಕ್ಕಾ, ಮದುವೆಗೆ ಹೋಗುವುದನ್ನು ನಿಲ್ಲಿಸಬೇಡಿ. ಮೊದಲ ಸಲ ಒಬ್ಬರೇ ಹೋಗಬೇಡಿ, ಜೊತೆಗೆ ಕೂಡುವ ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ. ಅಕ್ಷತೆಗೆ ಹೋಗಿ, ಊಟಕ್ಕೆ ಮೊದಲನೇ ಪಂಕ್ತಿಯಲ್ಲೇ ಕೂಡಿ.